ಗಡಿ ಸರಿಯುತ್ತದೆ, ಸಾಲ ಸರಿಯುವುದಿಲ್ಲ

(ಬೀದರ್ ತಾಲ್ಲೂಕಿನ ಬಗದಲ್‌ನಲ್ಲಿ ಕನ್ನಡ ಯುವಕ ಯುವತಿಯರ ಮುಂದೆ ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ಒಂದು ಮಾತು ಓಡಾಡುತ್ತಿದೆ. ಚಹಾದ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಾಲೇಜಿನ ಕಟ್ಟೆಯ ಮೇಲೆ. "ನಮ್ಮದು ಬೇರೆ ರಾಜ್ಯ ಆಗಿಬಿಟ್ಟರೆ ನಮ್ಮ ಎಜುಕೇಶನ್ ಲೋನ್ ಏನಾಗತ್ತದ? ಹಳೇ ಸರ್ಕಾರದ ಸಾಲ ಹೊಸ ಸರ್ಕಾರಕ್ಕೆ ಯಾಕೆ ಕಟ್ಟಬೇಕು?" ನಗುತ್ತಾ ಕೇಳುತ್ತೀರಿ. ಆದರೆ ನಗೆಯ ಹಿಂದೆ ಒಂದು ಆಸೆ ಅಡಗಿ ಕೂತಿದೆ. ಅದಕ್ಕೇ ಇವತ್ತು ಇದನ್ನು ನಗೆಯಾಗಿ ಬಿಡದೆ, ಬಿಡಿಸಿ ಹೇಳಬೇಕೆಂದು ನಿಂತಿದ್ದೇನೆ.

ನಾನು ಪಂಡಿತನಲ್ಲ. ಪಿಯುಸಿ ಓದಿ ಪ್ರೆಸ್ ಹಾಕಿದವನು. ರಸೀದಿ ಪುಸ್ತಕ, ಚಲನ್, ಲೆಟರ್‌ಹೆಡ್ ಅಚ್ಚು ಹಾಕುವುದು ನನ್ನ ಹೊಟ್ಟೆಪಾಡು. ಒಂದು ರಸೀದಿಗೆ ಎರಡು ತುಂಡು: ಒಂದು ರೊಕ್ಕ ಕೊಟ್ಟವನ ಕೈಗೆ, ಇನ್ನೊಂದು ರೊಕ್ಕ ತಗೊಂಡವನ ಪುಸ್ತಕದಲ್ಲಿ. ದೇಶಗಳೇ ಒಡೆದರೂ ಆ ಎರಡನೇ ತುಂಡನ್ನು ಯಾರೂ ಕಳೆದುಕೊಳ್ಳುವುದಿಲ್ಲ. ಇದು ಖರೆಯೋ ಸುಳ್ಳೋ ನಮ್ಮ ಬೀದರ್ ಜಿಲ್ಲೆಯ ಚರಿತ್ರೆಯನ್ನೇ ಕೇಳೋಣ. ಯಾಕೆಂದರೆ ನಮ್ಮ ಮನೆಯ ಹಿರಿಯರು ತಮ್ಮ ಆಯುಷ್ಯದಲ್ಲಿ ಎರಡು ಸಲ ಸರ್ಕಾರ ಬದಲಾದದ್ದನ್ನು ಕಂಡವರು. ಊರು ಬಿಟ್ಟು ಒಂದು ಹೆಜ್ಜೆ ಆಚೆ ಇಡದೆ ಕಂಡವರು.

ಮೊದಲನೆಯದು 1948. ಸೆಪ್ಟೆಂಬರ್ 13ಕ್ಕೆ ಶುರುವಾದ ಪೊಲೀಸ್ ಕಾರ್ಯಾಚರಣೆ 17ಕ್ಕೆ ಮುಗಿಯಿತು. ಅಲ್ಲಿಯವರೆಗೆ ನಾವು ಹೈದರಾಬಾದ್ ನಿಜಾಮರ ಪ್ರಜೆಗಳು. ನಿಜಾಮರಿಗೆ ತಮ್ಮದೇ ಅಂಚೆ, ತಮ್ಮದೇ ರೈಲು, ತಮ್ಮದೇ ನಾಣ್ಯ ಇತ್ತು. ಆ ನಾಣ್ಯಕ್ಕೆ ಹಾಲಿ ಸಿಕ್ಕಾ ಎನ್ನುತ್ತಿದ್ದರು. 1941ರ ಕಾಯ್ದೆಯಿಂದ ಹುಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಎಂಬ ತಮ್ಮದೇ ಬ್ಯಾಂಕೂ ಇತ್ತು. ಸಂಸ್ಥಾನ ಭಾರತದಲ್ಲಿ ಸೇರಿತು. ನಿಜಾಮರ ಆಳ್ವಿಕೆ ಹೋಯಿತು. ಸಾಲ ಹೋಯಿತೇ? ಹೋಗಲಿಲ್ಲ. 1950ರ ದಶಕದಲ್ಲಿ ಹಾಲಿ ಸಿಕ್ಕಾ ಹೋಗಿ ಭಾರತದ ರೂಪಾಯಿ ಬಂದಾಗ ಏಳು ಹಾಲಿಗೆ ಆರು ರೂಪಾಯಿ ಎಂದು ಲೆಕ್ಕ ಹಿಡಿದರು. ಏಳುನೂರು ಹಾಲಿ ಎಂದು ಬರೆದಿದ್ದ ಬಾಕಿ ಆರುನೂರು ರೂಪಾಯಿ ಆಯಿತು. ನಾಣ್ಯ ಸತ್ತರೂ ಬಾಕಿ ಹೊಸ ಅಂಗಿ ತೊಟ್ಟುಕೊಂಡು ಬಾಗಿಲಿಗೆ ಬಂತು.

ಎರಡನೆಯದು 1956ರ ನವೆಂಬರ್ 1. ನಾವೆಲ್ಲ ರಾಜ್ಯೋತ್ಸವ ಎಂದು ಬಾವುಟ ಏರಿಸುವ ದಿನ. ಆ ದಿನ ನಮ್ಮ ಬೀದರ್ ಜಿಲ್ಲೆ ಮೂರು ತುಂಡಾಯಿತು ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮರಾಠಿ ಕಡೆಗೆ ಹೋದವು. ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನದೇ ಆದ ನ್ಯಾಲಕಲ್ ಸರ್ಕಲ್ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ಒಂದೇ ಜಿಲ್ಲಾ ಕಚೇರಿಯಲ್ಲಿ ಸರದಿ ನಿಲ್ಲುತ್ತಿದ್ದ ಜನ ಬೆಳಗಾಗುವುದರೊಳಗೆ ಮೂರು ರಾಜ್ಯದವರಾದರು.

ಈಗ ಕೇಳಿ. ಹೈದರಾಬಾದ್ ಸರ್ಕಾರ ಕೊಟ್ಟ ಸಾಲ ಯಾರಿಗೆ ಸೇರಬೇಕು? ಔರಾದಿನ ರೈತ ತಕಾವಿ ಸಾಲ ತಗೊಂಡಿದ್ದರೆ ಅದನ್ನು ಬೆಂಗಳೂರಿಗೆ ಕಟ್ಟಬೇಕೋ, ಹೈದರಾಬಾದಿಗೋ? ಗಡಿ ಎಳೆದವರು ಇದನ್ನು ಮರೆತಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದರು. ಹಳೆಯ ರಾಜ್ಯ ತನ್ನ ಪ್ರದೇಶದ ಸ್ಥಳೀಯ ಸಂಸ್ಥೆಗೆ, ಸೊಸೈಟಿಗೆ, ರೈತನಿಗೆ, ಇನ್ನಾವನಿಗಾದರೂ ಕೊಟ್ಟ ಸಾಲವನ್ನು ವಸೂಲು ಮಾಡುವ ಹಕ್ಕು, ಆ ಪ್ರದೇಶ ಯಾವ ರಾಜ್ಯಕ್ಕೆ ಸೇರಿತೋ ಆ ರಾಜ್ಯದ್ದು. ಔರಾದಿನ ಸಾಲ ಮೈಸೂರಿಗೆ, ಉದಗೀರದ ಸಾಲ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡದ ಸಾಲ ಆಂಧ್ರಕ್ಕೆ. ನೆಲ ಎಲ್ಲಿಗೋ ಬಾಕಿ ಅಲ್ಲಿಗೆ.

ಆ ಬ್ಯಾಂಕಿನ ಕತೆಯನ್ನೂ ಕೇಳಿ. ಹೈದರಾಬಾದ್ ಸ್ಟೇಟ್ ಬ್ಯಾಂಕ್ 1956ರಲ್ಲಿ ರಿಸರ್ವ್ ಬ್ಯಾಂಕಿನ ಕೈಗೆ ಬಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. 1959ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಅಂಗಸಂಸ್ಥೆ ಆಯಿತು. 2017ರ ಏಪ್ರಿಲ್ 1ರಂದು ಅದರೊಳಗೇ ಕರಗಿತು. ಸಂಸ್ಥಾನ ಹೋದರೂ ಅದರ ಬ್ಯಾಂಕು ಹೆಸರು ಬದಲಿಸುತ್ತಾ ಇನ್ನೂ ಅರವತ್ತೊಂಬತ್ತು ವರ್ಷ ಬದುಕಿತು. ಸಾಲದ ಪುಸ್ತಕಕ್ಕೆ ಎಷ್ಟು ಗಟ್ಟಿ ಆಯುಷ್ಯ ನೋಡಿ.

ಹಾಗಾದರೆ ಕಳೆದುಹೋದದ್ದು ಏನು? ಭಾಷೆ. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿತ್ತು. ನಮ್ಮ ಅಜ್ಜನ ಹೊಲದ ಕಾಗದವನ್ನು ನಮ್ಮ ಅಜ್ಜ ಓದಲಾರ. ಓದಿ ಹೇಳುವವನಿಗೆ ರೊಕ್ಕ ಕೊಡಬೇಕು. ಅವನು ಹೇಳಿದ್ದೇ ಖರೆ ಎಂದು ನಂಬಬೇಕು. ಇವತ್ತಿಗೂ ನಮ್ಮ ಜಿಲ್ಲೆಯಲ್ಲಿ ಹಳೇ ಕಾಗದ ಓದಿಸಲು ಉರ್ದು ಬಲ್ಲವರನ್ನು ಹುಡುಕಿಕೊಂಡು ಅಲೆಯುವವರಿದ್ದಾರೆ. ನಾನು ಇವತ್ತು ಹೇಳಬೇಕೆಂದಿರುವ ಮಾತು ಇಷ್ಟೇ: ಗಡಿ ಎಳೆಯುವವರು ಸಾಲವನ್ನು ಎಂದೂ ಮರೆಯುವುದಿಲ್ಲ, ಸಾಲಗಾರನ ಭಾಷೆಯನ್ನು ಮಾತ್ರ ಪ್ರತಿ ಸಲವೂ ಮರೆಯುತ್ತಾರೆ.

ಇರಲಿ, ಅದು ರೈತನ ಸಾಲ. ನಿಮ್ಮದು ವಿದ್ಯಾರ್ಥಿಯ ಸಾಲ. ಇವೆರಡರ ನಡುವೆ ದೊಡ್ಡ ಅಂತರ ಇದೆ. ರೈತನ ಸಾಲಕ್ಕೆ ಹೊಲ ಆಧಾರ. ಹೊಲ ಎದ್ದು ಪುಣೆಗೆ ಹೋಗುವುದಿಲ್ಲ. ವಿದ್ಯಾರ್ಥಿಯ ಸಾಲಕ್ಕೆ ಆಧಾರ ಅವನು ಮುಂದೆ ತರುವ ಸಂಬಳ. ಆ ಸಂಬಳಕ್ಕೆ ಕಾಲಿದೆ. ಭಾಲ್ಕಿಯಲ್ಲಿ ಸಾಲ ತಗೊಂಡ ಹುಡುಗ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಬೀದರ್‌ನಲ್ಲಿ ಸಹಿ ಹಾಕಿದ ಹುಡುಗಿ ಹೈದರಾಬಾದಿನಲ್ಲೋ ದುಬೈಯಲ್ಲೋ ಇರುತ್ತಾಳೆ. ನೆಲ ಎಲ್ಲಿಗೋ ಬಾಕಿ ಅಲ್ಲಿಗೆ ಎಂಬ 1956ರ ಸೂತ್ರ ಇಲ್ಲಿ ತಾಳೆ ಆಗುವುದಿಲ್ಲ. ಸಂಬಳದ ಬೆನ್ನು ಹತ್ತಬೇಕು.

ಇದೇ ಪ್ರಶ್ನೆ ದೂರದ ಸ್ಕಾಟ್ಲೆಂಡಿನಲ್ಲಿ ಎದ್ದಿತ್ತು. 2014ರ ಸೆಪ್ಟೆಂಬರ್ 18ರಂದು ಅಲ್ಲಿಯ ಜನ ಬ್ರಿಟನ್ನಿನಿಂದ ಬೇರೆ ದೇಶ ಆಗಬೇಕೋ ಬೇಡವೋ ಎಂದು ಮತ ಹಾಕಿದರು. ಅದಕ್ಕೂ ಮುಂಚೆ 2013ರ ನವೆಂಬರಿನಲ್ಲಿ ಸ್ಕಾಟ್ಲೆಂಡ್ ಸರ್ಕಾರ ದಪ್ಪನೆಯ ಒಂದು ಶ್ವೇತಪತ್ರ ಹೊರಡಿಸಿತ್ತು. ಸ್ವತಂತ್ರ ಆದರೆ ನಾಣ್ಯ ಯಾವುದು, ಸೈನ್ಯ ಹೇಗೆ, ಪಿಂಚಣಿ ಯಾರು ಕೊಡುತ್ತಾರೆ ಎಂದೆಲ್ಲ ಅದರಲ್ಲಿ ಬರೆದಿದ್ದರು. ಅಲ್ಲಿಯ ಹುಡುಗರ ಮುಂದೆ ನಿಮ್ಮದೇ ಪ್ರಶ್ನೆ ಇತ್ತು: ನಮ್ಮ ಸ್ಟೂಡೆಂಟ್ ಲೋನ್ ಏನಾಗುತ್ತದೆ?

ಅಲ್ಲಿಯ ಪದ್ಧತಿ ಸ್ವಲ್ಪ ತಿಳಿದುಕೊಳ್ಳಿ. ಇಡೀ ಬ್ರಿಟನ್ನಿಗೆ ಸ್ಟೂಡೆಂಟ್ ಲೋನ್ಸ್ ಕಂಪನಿ ಎಂಬ ಒಂದೇ ಸರ್ಕಾರಿ ಕಂಪನಿ. 1989ರಲ್ಲಿ ಹುಟ್ಟಿದ್ದು, ಹೆಡ್ ಆಫೀಸ್ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲೇ. ಸಾಲ ಕೊಡುವುದು ಈ ಕಂಪನಿ, ವಸೂಲು ಮಾಡುವುದು ತೆರಿಗೆ ಇಲಾಖೆ. ಸಂಬಳ ಒಂದು ಮಿತಿ ದಾಟಿದರೆ, ಮಿತಿಗಿಂತ ಮೇಲಿನ ಹಣದಲ್ಲಿ ನೂರಕ್ಕೆ ಒಂಬತ್ತರಂತೆ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ನೌಕರಿ ಇಲ್ಲದಿದ್ದರೆ ಕಂತೂ ಇಲ್ಲ. ದೇಶ ಬಿಟ್ಟು ಹೊರಗೆ ದುಡಿಯುವವನ ಸಂಬಳಕ್ಕೆ ತೆರಿಗೆ ಇಲಾಖೆಯ ಕೈ ಎಟುಕುವುದಿಲ್ಲ. ಅವನು ತನ್ನ ಆದಾಯದ ವಿವರವನ್ನು ತಾನೇ ಕಂಪನಿಗೆ ಬರೆದು ತಿಳಿಸಿ, ತಾನೇ ಕಟ್ಟಬೇಕು.

ಈಗ ಯೋಚನೆ ಮಾಡಿ. ಸ್ಕಾಟ್ಲೆಂಡ್ ಬೇರೆ ದೇಶ ಆಗಿದ್ದರೆ? ಎಡಿನ್‌ಬರೋದಲ್ಲಿ ಓದಿ ಲಂಡನ್ನಿನಲ್ಲಿ ದುಡಿಯುವ ಹುಡುಗ ಒಂದೇ ರಾತ್ರಿಯಲ್ಲಿ ಪರದೇಶಿ ಸಾಲಗಾರ ಆಗುತ್ತಿದ್ದ. ಅವನ ಸಂಬಳದಲ್ಲಿ ಕಂತು ಮುರಿಯುವುದು ಒಂದು ದೇಶದ ತೆರಿಗೆ ಇಲಾಖೆ, ಆ ಕಂತು ಸೇರಬೇಕಾದದ್ದು ಇನ್ನೊಂದು ದೇಶದ ಖಜಾನೆಗೆ. ಎರಡು ದೇಶದ ನಡುವೆ ಕರಾರು ಆಗದೆ ಆ ಹಣ ಸರಿಯಾದ ಖಾತೆಗೆ ಬೀಳುವುದಿಲ್ಲ. ಇಂಗ್ಲೆಂಡಿನ ಲಕ್ಷಾಂತರ ಹುಡುಗರ ಸಾಲದ ಕಡತಗಳು ಗ್ಲಾಸ್ಗೋದಲ್ಲಿ, ಅಂದರೆ ಪರದೇಶದ ಪಟ್ಟಣದಲ್ಲಿ ಕೂತಿರುತ್ತಿದ್ದವು. ನೂರಕ್ಕೆ 55 ಜನ ಬೇಡ ಎಂದು ಮತ ಹಾಕಿದರು. ಪ್ರಶ್ನೆ ಅಲ್ಲಿಗೆ ನಿಂತಿತು. ಆದರೆ ಒಂದು ಮಾತು ಗಮನಿಸಿ: ಇಲ್ಲಿ ಪ್ರಶ್ನೆ ಯಾರಿಗೆ ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬುದು. ಕಟ್ಟುವುದೇ ಬೇಡ ಎಂಬ ಭರವಸೆಯ ಮೇಲೆ ದೇಶ ಕಟ್ಟಲಾಗುವುದಿಲ್ಲ.

ನಿಜವಾಗಿ ಒಡೆದ ದೇಶಗಳ ಕತೆಯೂ ಹೀಗೇ. 1993ರ ಜನವರಿ 1ಕ್ಕೆ ಚೆಕೊಸ್ಲೊವಾಕಿಯಾ ಎರಡಾಯಿತು. ಕೇಂದ್ರದ ಆಸ್ತಿ, ಸಾಲ ಎರಡನ್ನೂ ಬಹುಪಾಲು ಜನಸಂಖ್ಯೆ ನೋಡಿ ಎರಡಕ್ಕೆ ಒಂದರಂತೆ ಹಂಚಿಕೊಂಡರು. ನಾಣ್ಯ ಒಂದೇ ಇರಲಿ ಎಂದುಕೊಂಡದ್ದು ಆರು ವಾರ ಕೂಡ ನಡೆಯಲಿಲ್ಲ, ಫೆಬ್ರುವರಿಯಲ್ಲಿ ಅದೂ ಬೇರೆ ಆಯಿತು. 1971ರಲ್ಲಿ ಬಾಂಗ್ಲಾದೇಶ ಹುಟ್ಟಿತು. ಭಾಷೆಗಾಗಿ ರಕ್ತ ಕೊಟ್ಟ ಜನ ಅವರು. ಕರಾಚಿಯಲ್ಲಿ ಹೆಡ್ ಆಫೀಸ್ ಇದ್ದ ಬ್ಯಾಂಕುಗಳ ಶಾಖೆಗಳು ಢಾಕಾದಲ್ಲಿ ಉಳಿದಿದ್ದವು. 1972ರಲ್ಲಿ ಹೊಸ ಸರ್ಕಾರ ಅವುಗಳನ್ನು ರಾಷ್ಟ್ರೀಕರಣ ಮಾಡಿ ಸೋನಾಲಿ, ಜನತಾ, ಅಗ್ರಣಿ ಎಂದು ಬಂಗಾಳಿ ಹೆಸರಿಟ್ಟು ನಡೆಸಿತು. ಹೆಡ್ ಆಫೀಸ್ ಪರದೇಶದ ಪಾಲಾದರೂ ಶಾಖೆಯ ಪುಸ್ತಕ ಊರಲ್ಲೇ ಇತ್ತು. ಆ ಪುಸ್ತಕ ಹೊಸ ಬ್ಯಾಂಕಿನದಾಯಿತು.

ಇಷ್ಟು ದೂರ ಯಾಕೆ, ಪಕ್ಕದ ಮನೆಗೆ ಬನ್ನಿ. 2014ರ ಜೂನ್ 2ಕ್ಕೆ ಆಂಧ್ರ ಒಡೆದು ತೆಲಂಗಾಣ ಆಯಿತು. ನಮ್ಮಿಂದ ಗಾಡಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಸಿಗುವ ಜಹೀರಾಬಾದ್ ತೆಲಂಗಾಣದ್ದು. ಅಲ್ಲಿಯೂ ಕಾಯ್ದೆಯಲ್ಲಿ 1956ರ ಸೂತ್ರವನ್ನೇ ಬರೆದರು: ಸಾಲ ತಗೊಂಡವನ ಪ್ರದೇಶ ಯಾವ ರಾಜ್ಯಕ್ಕೋ ವಸೂಲಿಯ ಹಕ್ಕು ಆ ರಾಜ್ಯಕ್ಕೆ. ರಾಜ್ಯದ ಹೊರಗಿನವರಿಗೆ ಕೊಟ್ಟ ಸಾಲ ವಸೂಲಾದರೆ ಜನಸಂಖ್ಯೆಯ ಲೆಕ್ಕದಲ್ಲಿ ಹಂಚಿಕೆ. ಆ ಲೆಕ್ಕ ಆಂಧ್ರಕ್ಕೆ ನೂರಕ್ಕೆ 58.32, ತೆಲಂಗಾಣಕ್ಕೆ 41.68. ಕಾಗದದ ಮೇಲೆ ಎಲ್ಲ ಚೊಕ್ಕ.

ಆದರೆ ವಿದ್ಯಾರ್ಥಿಗಳ ಹಣೆಬರಹ ಚೊಕ್ಕ ಇರಲಿಲ್ಲ. ಅವಿಭಜಿತ ಆಂಧ್ರದಲ್ಲಿ ಬಡ ವಿದ್ಯಾರ್ಥಿಗಳ ಕಾಲೇಜು ಫೀಯನ್ನು ಸರ್ಕಾರವೇ ಕಟ್ಟಿಕೊಡುವ ಯೋಜನೆ ಇತ್ತು. ರಾಜ್ಯ ಒಡೆದ ಕೂಡಲೇ ಪ್ರಶ್ನೆ ಬಂತು: ಹೈದರಾಬಾದಿನಲ್ಲಿ ಓದುವ ಆಂಧ್ರದ ಹುಡುಗನ ಫೀ ಯಾರು ಕಟ್ಟಬೇಕು? ತೆಲಂಗಾಣ ಸರ್ಕಾರ 'ಫಾಸ್ಟ್' ಎಂಬ ಹೊಸ ಯೋಜನೆ ತಂದು, 1956ರ ನವೆಂಬರ್ 1ಕ್ಕಿಂತ ಮುಂಚೆಯಿಂದ ಕುಟುಂಬ ತೆಲಂಗಾಣದಲ್ಲಿ ಇದ್ದುದಕ್ಕೆ ಪುರಾವೆ ತನ್ನಿ ಎಂದಿತು. ಇಂಜಿನಿಯರಿಂಗ್ ಕೌನ್ಸೆಲಿಂಗ್ ತಡವಾಯಿತು, ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. 'ಫಾಸ್ಟ್' ಯೋಜನೆ ಹೈಕೋರ್ಟಿನ ಟೀಕೆಗೆ ಗುರಿಯಾಯಿತು, ಮುಂದೆ ಸರ್ಕಾರವೇ ಅದನ್ನು ಕೈಬಿಟ್ಟಿತು. ಆದರೆ ನಡುವಿನ ತಿಂಗಳುಗಳಲ್ಲಿ ಹುಡುಗರು ಅಜ್ಜನ ಕಾಲದ ಕಾಗದ ಹುಡುಕಿಕೊಂಡು ಕಚೇರಿ ಕಚೇರಿ ಅಲೆದರು. ನಮಗೆ ಹಬ್ಬವಾದ ದಿನಾಂಕ ಅಲ್ಲಿಯ ಹುಡುಗನಿಗೆ ಪರೀಕ್ಷೆ ಆಯಿತು. ಅದೂ ಎಂಥ ಪರೀಕ್ಷೆ? ಅವನು ಹುಟ್ಟುವುದಕ್ಕೆ ನಲವತ್ತು ವರ್ಷ ಮುಂಚಿನ ಕಾಗದದ ಪರೀಕ್ಷೆ.

ಇನ್ನೊಂದು ಮಾತು. ಆಂಧ್ರದ ಕಾಯ್ದೆಯ ಒಂಬತ್ತನೆಯ ಅನುಸೂಚಿಯಲ್ಲಿ ಸರ್ಕಾರಿ ನಿಗಮಗಳ ಪಟ್ಟಿ ಇದೆ. ಅವುಗಳ ಆಸ್ತಿ, ಬಾಕಿ ಹಂಚಿಕೆಯ ತಕರಾರು 2024ರ ಜೂನ್‌ಗೆ ಹತ್ತು ವರ್ಷ ತುಂಬಿದರೂ ಪೂರ್ತಿ ಬಗೆಹರಿದಿರಲಿಲ್ಲ. ನಿಗಮದಿಂದ ಸಾಲ ತಗೊಂಡ ನಿಮ್ಮಂಥವರು ಇದನ್ನು ಚೆನ್ನಾಗಿ ನೆನಪಿಡಬೇಕು.

ಈಗ ನಮ್ಮ ಅಂಗಳಕ್ಕೆ ಬರೋಣ. ಕಲ್ಯಾಣ ಕರ್ನಾಟಕ ಪ್ರತ್ಯೇಕ ರಾಜ್ಯ ಆಗಲಿ ಎಂಬ ಕೂಗು ಆಗೊಮ್ಮೆ ಈಗೊಮ್ಮೆ ಏಳುತ್ತದೆ. ನಮ್ಮ ಹಿಂದುಳಿಯುವಿಕೆ ಖರೆ, ನಮ್ಮ ಸಿಟ್ಟು ಖರೆ. ಅದಕ್ಕೇ ಹೋರಾಡಿ 371(ಜೆ) ಪಡೆದೆವು. ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಎಂಟು ಸೀಟು ನಮ್ಮ ಮಕ್ಕಳಿಗೆ ಬಂದದ್ದು ಕರ್ನಾಟಕದ ಒಳಗಿದ್ದೇ. ಒಡೆದು ಚೂರಾಗುವುದರಿಂದ ಕನ್ನಡಕ್ಕೆ ಬಲ ಬರುತ್ತದೆ ಎಂದು ನಾನು ನಂಬುವುದಿಲ್ಲ. ಒಡೆಯಲಿ ಎನ್ನುವವರು ನಿಮ್ಮ ಸಾಲದ ಹೆಸರು ಹೇಳಿ ನಿಮ್ಮನ್ನು ಮರುಳು ಮಾಡಬಾರದು, ಅಷ್ಟೇ.

ಯಾಕೆಂದರೆ ನಿಮ್ಮ ಸಾಲ ಎರಡು ಬಗೆಯದು. ಒಂದು ಬ್ಯಾಂಕಿನದು. ಅದು ನಿಮಗೂ ಬ್ಯಾಂಕಿಗೂ ನಡುವಿನ ಕರಾರು. ರಾಜ್ಯ ಒಂದಿರಲಿ, ಮೂರಾಗಲಿ, ಬ್ಯಾಂಕಿಗೆ ಅದರ ಗೊಡವೆ ಇಲ್ಲ. ಕಂತಿನ ತಾರೀಖು ಒಂದು ದಿನವೂ ಮುಂದೆ ಹೋಗುವುದಿಲ್ಲ. ಇನ್ನೊಂದು ರಾಜ್ಯ ಸರ್ಕಾರದ ನಿಗಮಗಳದು. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಕೊಡುವ 'ಅರಿವು' ಸಾಲ ಈ ಬಗೆಯದು. ರಾಜ್ಯ ಒಡೆದರೆ ನಿಗಮ ಒಡೆಯುತ್ತದೆ, ಕಡತ ಲಾರಿ ಹತ್ತುತ್ತದೆ. ಹಳೇ ಆಫೀಸಿಗೆ ಹೋದರೆ ನಿಮ್ಮ ಫೈಲು ಇಲ್ಲಿಲ್ಲ ಎನ್ನುತ್ತಾರೆ, ಹೊಸ ಆಫೀಸಿಗೆ ಹೋದರೆ ಇನ್ನೂ ಬಂದಿಲ್ಲ ಎನ್ನುತ್ತಾರೆ. ಬಾಕಿ ಉಳಿಸಿಕೊಂಡವನಿಗೆ ಇದರಿಂದ ನಷ್ಟವಿಲ್ಲ, ಆರಾಮಾಗಿ ಇರುತ್ತಾನೆ. ಸಾಯುವುದು ಪೂರ್ತಿ ಕಟ್ಟಿ ಮುಗಿಸಿ 'ಬಾಕಿ ಇಲ್ಲ' ಎಂಬ ಸರ್ಟಿಫಿಕೇಟಿಗೆ ಅಲೆಯುವವನು. ಹಂಚಿಕೆಯ ಗೊಂದಲದಲ್ಲಿ ಪೆಟ್ಟು ಬೀಳುವುದು ಪ್ರಾಮಾಣಿಕನಿಗೆ.

ಸಾಲ ಕೊಟ್ಟವರು ಒಬ್ಬರು, ವಸೂಲು ಮಾಡುವವರು ಇನ್ನೊಬ್ಬರು ಆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 1963ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಎಂಬ ಯೋಜನೆ ತಂದಿತು. ಬಡ ಜಾಣ ಮಕ್ಕಳಿಗೆ ಬಡ್ಡಿಯಿಲ್ಲದ ಸಾಲ. ಓದಿ ಮಾಸ್ತರರಾದವರಿಗೆ ವರ್ಷಕ್ಕೆ ಹತ್ತರಲ್ಲಿ ಒಂದು ಪಾಲು ಮಾಫಿ. ಎಷ್ಟು ಒಳ್ಳೆಯ ಯೋಜನೆ! ಆದರೆ ಹಣ ದೆಹಲಿಯದು, ವಸೂಲಿ ರಾಜ್ಯಗಳದು. ಹುಡುಗ ಯಾವ ಊರಲ್ಲಿ ನೌಕರಿ ಸೇರಿದ ಎಂದು ಹಿಂಬಾಲಿಸುವವರಿಲ್ಲ. ವಸೂಲಿ ಸೊರಗಿತು, 1991ರಲ್ಲಿ ಯೋಜನೆಯೇ ನಿಂತಿತು. ಕಟ್ಟದವರು ಗೆದ್ದರು ಎಂದುಕೊಂಡರೇನೋ. ಸೋತವರು ಅವರ ನಂತರ ಬಂದ ಬಡ ಮಕ್ಕಳು. ಬಡ್ಡಿಯಿಲ್ಲದ ಸಾಲ ಹೋಗಿ, 2001ರ ಹೊತ್ತಿಗೆ ಬಡ್ಡಿಯ ಬ್ಯಾಂಕ್ ಸಾಲ ಬಂತು.

ಆ ಬ್ಯಾಂಕ್ ಸಾಲದ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ನಾಲ್ಕು ಲಕ್ಷದ ತನಕ ಆಸ್ತಿ ಅಡವು ಕೇಳುವಂತಿಲ್ಲ. ಏಳೂವರೆ ಲಕ್ಷದ ತನಕದ ಸಾಲಕ್ಕೆ 2015ರಿಂದ ಕೇಂದ್ರದ ಗ್ಯಾರಂಟಿ ನಿಧಿ ಇದೆ. ಆದರೆ ಆ ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ. ನೀವು ಕಟ್ಟದಿದ್ದರೆ ನಿಧಿ ಬ್ಯಾಂಕಿಗೆ ಕೊಡುತ್ತದೆ, ನಿಮ್ಮ ಬಾಕಿ ಹಾಗೇ ಇರುತ್ತದೆ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಇಲ್ಲ. ಕಂತು ಇಲ್ಲ ಎಂದರೆ ಬಡ್ಡಿ ಇಲ್ಲ ಎಂದಲ್ಲ! ವರ್ಷಕ್ಕೊಂದು ಲಕ್ಷದಂತೆ ನಾಲ್ಕು ವರ್ಷ ಸಾಲ ಎತ್ತಿದಿರಿ ಎನ್ನಿ. ಲೆಕ್ಕಕ್ಕೆ ಬಡ್ಡಿ ನೂರಕ್ಕೆ ಹತ್ತು ಹಿಡಿಯಿರಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20. ಮೊದಲ ಕಂತು ಕಟ್ಟುವ ದಿನವೇ ನಾಲ್ಕು ಲಕ್ಷ ಐದು ಲಕ್ಷ ನಲವತ್ತು ಸಾವಿರ ಆಗಿರುತ್ತದೆ. ಕೆಲವು ಕೋರ್ಸುಗಳಿಗೆ, ಕಡಿಮೆ ಆದಾಯದ ಮನೆಯವರಿಗೆ ಕೇಂದ್ರ ಸರ್ಕಾರದ ಬಡ್ಡಿ ಸಹಾಯ ಉಂಟು. ಅರ್ಜಿ ಹಾಕಿದವರಿಗೆ ಉಂಟು, ಹಾಕದವರಿಗೆ ಇಲ್ಲ.

ಇದು ನಿಮ್ಮ ತಂದೆಗೆ ಗೊತ್ತೇ? ಸಾಲದ ಕಾಗದದಲ್ಲಿ ಅವರೂ ಸಹಿ ಹಾಕಿದ್ದಾರೆ. ಸಹಸಾಲಗಾರರು ಅವರು. ಇಂಗ್ಲಿಷಿನ ಇಪ್ಪತ್ತು ಮೂವತ್ತು ಪುಟ, ಇರುವೆ ಸಾಲಿನಂಥ ಅಕ್ಷರ. ನಾನು ಪ್ರೆಸ್ಸಿನವನು, ಅಕ್ಷರದ ಅಳತೆ ನನಗೆ ಗೊತ್ತು. ಓದಲಿ ಎಂದು ಅಚ್ಚು ಹಾಕುವ ಅಕ್ಷರ ಬೇರೆ, ಓದದಿರಲಿ ಎಂದು ಹಾಕುವ ಅಕ್ಷರ ಬೇರೆ. ಪೆನ್ಸಿಲ್ ಗುರುತು ಮಾಡಿದ ಕಡೆ ನಿಮ್ಮ ತಂದೆ ಸಹಿ ಹಾಕಿದರು. ಅಜ್ಜನಿಗೆ ಉರ್ದು ಕಾಗದ, ಅಪ್ಪನಿಗೆ ಇಂಗ್ಲಿಷ್ ಕಾಗದ. ಸರ್ಕಾರ ಎರಡು ಸಲ ಬದಲಾಯಿತು, ಓದಲಾಗದ ಕಾಗದ ಮಾತ್ರ ಬದಲಾಗಲಿಲ್ಲ.

ಗಡಿ ಬದಲಾಗದಿದ್ದರೂ ಒಡೆಯ ಬದಲಾದ ಅನುಭವ ನಮಗೆ ಹೊಸದಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಜೊತೆಗೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕ್. ಕನ್ನಡ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು ಒಂದೊಂದಾಗಿ ಬೋರ್ಡು ಇಳಿಸಿದವು. 2025ರ ಮೇ 1ಕ್ಕೆ ರಾಜ್ಯದ ಗ್ರಾಮೀಣ ಬ್ಯಾಂಕುಗಳೂ ಸೇರಿ ಒಂದೇ ಆದವು. ಬೋರ್ಡು, ಚಲನ್ ಬದಲಾದರೆ ನಮ್ಮ ಪ್ರೆಸ್ಸಿನವರಿಗೆ ನಾಲ್ಕು ಕಾಸು ಸಿಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಸಾಲಗಾರನಿಗೆ? ಸಿಂಡಿಕೇಟ್ ಬ್ಯಾಂಕಿನ ಹಳೇ ಐಎಫ್‌ಎಸ್‌ಸಿ ಕೋಡ್ 2021ರ ಜುಲೈ 1ರಿಂದ ನಿಂತಿತು. ಪರ ಊರಲ್ಲಿದ್ದು ಹಳೇ ನಂಬರಿಗೆ ಕಂತು ಹಾಕುವವನು ಹೊಸದನ್ನು ತಿಳಿದುಕೊಳ್ಳಲೇಬೇಕಾಯಿತು. ಬ್ಯಾಂಕಿನ ಹೆಸರು ಬದಲಾದರೇ ಇಷ್ಟು, ದೇಶದ ಹೆಸರು ಬದಲಾದರೆ ಎಷ್ಟು?

ಹಾಗಾದರೆ ಏನು ಮಾಡಬೇಕು? ಬರೇ ಕೂಗಿದರೆ ಆಗುವುದಿಲ್ಲ, ಕಾಗದ ಹಿಡಿದು ಕೂಗಬೇಕು.

ಒಂದು: ಸಾಲ ತಗೊಳ್ಳುವ ದಿನ ಕನ್ನಡದಲ್ಲಿ ಕಾಗದ ಕೇಳಿ. ಇದು ಭಿಕ್ಷೆ ಅಲ್ಲ, ನಿಯಮ. ಬ್ಯಾಂಕಿನ ಅರ್ಜಿ ನಮೂನೆಗಳು ಇಂಗ್ಲಿಷ್, ಹಿಂದಿ ಜೊತೆಗೆ ಆ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. 2024ರ ಅಕ್ಟೋಬರ್‌ನಿಂದ ಬಡ್ಡಿ, ಖರ್ಚು, ಕಂತು ಎಲ್ಲವನ್ನೂ ಒಂದೇ ಕಡೆ ಬರೆದ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಎಂಬ ನಿಯಮವೂ ಬಂದಿದೆ. ಬ್ಯಾಂಕಲ್ಲದ ಫೈನಾನ್ಸ್ ಕಂಪನಿಯವರೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ವ್ಯವಹರಿಸಬೇಕು. ನಿಯಮ ಇದೆ, ಕೇಳುವವರು ಇಲ್ಲ. ಕೇಳದ ಹಕ್ಕು ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಇದ್ದಂತೆ, ನುಸಿ ತಿನ್ನುತ್ತದೆ.

ಎರಡು: ನಿಮ್ಮ ಪ್ರತಿಯನ್ನು ಬಿಡಬೇಡಿ. ಮಂಜೂರಾತಿ ಪತ್ರ, ಕರಾರು ಪತ್ರ, ಕಟ್ಟಿದ ಪ್ರತಿ ಕಂತಿನ ರಸೀದಿ, ವರ್ಷಕ್ಕೊಂದು ಖಾತೆ ವಿವರ. ಮೊಬೈಲಿನಲ್ಲೂ ಇರಲಿ, ಮನೆಯ ಟ್ರಂಕಿನಲ್ಲೂ ಇರಲಿ. ಬ್ಯಾಂಕು, ನಿಗಮ, ಸರ್ಕಾರ ಯಾವುದು ಬದಲಾದರೂ ನಿಮ್ಮನ್ನು ಕಾಯುವುದು ಈ ತುಂಡು ಕಾಗದ.

ಮೂರು: ಊರು ಬಿಟ್ಟರೆ ಶಾಖೆಗೆ ಬರೆದು ತಿಳಿಸಿ. ನೌಕರಿ ಸಿಗದಿದ್ದರೆ ಓಡಬೇಡಿ, ಕಂತು ತಪ್ಪುವ ಮುಂಚೆಯೇ ಹೋಗಿ ಅವಧಿ ಹೆಚ್ಚಿಸಿ ಎಂದು ಲಿಖಿತವಾಗಿ ಕೇಳಿ. ಸಾಲ ತೀರಿಸಲು ಹದಿನೈದು ವರ್ಷದ ತನಕ ಅವಕಾಶ ಇದೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಅರ್ಜಿಗೆ ಸೀಲು ಬೀಳುತ್ತದೆ.

ನಾಲ್ಕು: ವಸೂಲಿಯವರು ಹಿಂದಿಯಲ್ಲಿ ಗದರಿದರೆ ಕನ್ನಡದಲ್ಲಿ ಮಾತಾಡಿ ಎನ್ನಿ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರ ಮುಂದೆ ಮಾನ ಕಳೆಯುವಂತಿಲ್ಲ. ಮೀರಿದರೆ ಮೊದಲು ಬ್ಯಾಂಕಿಗೆ ದೂರು ಬರೆಯಿರಿ. ಮೂವತ್ತು ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ.

ಐದು: ಕಟ್ಟಿ. ಸಾಲ ಮುಳುಗಿಸುವುದನ್ನು ಹೋರಾಟ ಎಂದು ಕರೆಯಬೇಡಿ. ನೀವು ಮುಳುಗಿಸಿದರೆ ನಾಳೆ ಔರಾದಿನ ತಾಂಡಾದಿಂದ, ಭಾಲ್ಕಿಯ ಹಳ್ಳಿಯಿಂದ ಫೈಲು ಹಿಡಿದು ಬರುವ ತಂಗಿಗೆ ಮ್ಯಾನೇಜರ್ ತಲೆ ಎತ್ತಿ ಕೂಡ ನೋಡುವುದಿಲ್ಲ. ಕಟ್ಟಲಾಗದವರ ಪರವಾಗಿ ಸರ್ಕಾರವನ್ನು ಕೇಳೋಣ. ಕೇರಳ ಸರ್ಕಾರ 2017ರಲ್ಲಿ ಬಡ ಮನೆಗಳ ಶಿಕ್ಷಣ ಸಾಲದ ಮರುಪಾವತಿಗೆ ನೆರವಿನ ಯೋಜನೆ ತಂದಿತು. ಕರ್ನಾಟಕಕ್ಕೆ ಯಾಕೆ ಆಗದು ಎಂದು ಬೀದಿಗಿಳಿದು ಕೇಳೋಣ, ನಾನೂ ಬರುತ್ತೇನೆ. ಕರಪತ್ರ ನನ್ನ ಪ್ರೆಸ್ಸಿನದು.

ಕನ್ನಡ ಹೋರಾಟ ಎಂದರೆ ಬೋರ್ಡಿಗೆ ಮಸಿ ಬಳಿಯುವುದು ಎಂದು ಕೆಲವರು ತಿಳಿದಿದ್ದಾರೆ. ಬೋರ್ಡು ಬೀದಿಯಲ್ಲಿ ಹೋಗುವವರು ನೋಡುವುದು. ಒಳಗಿನ ಲೆಡ್ಜರಿನಲ್ಲಿ ನಮ್ಮ ಮನೆಯ ಹಣೆಬರಹ ಇದೆ. ಅದು ನಮಗೆ ಓದಲು ಬರುವ ಭಾಷೆಯಲ್ಲಿ ಇರಬೇಕು. ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಲೆಕ್ಕ ನೋಡುತ್ತಲೇ ಜನರ ಕನ್ನಡದಲ್ಲಿ ಜನರ ಜೊತೆ ಮಾತಾಡಿದವರು. ಲೆಕ್ಕವೂ ಕನ್ನಡವೂ ಒಂದೇ ಕೈಯಲ್ಲಿ ಇರಬಹುದು ಎಂಬುದನ್ನು ನಾವು ಹೊರಗಿನವರಿಂದ ಕಲಿಯಬೇಕಿಲ್ಲ.

ನಾಳೆ ಬೆಳಗ್ಗೆ ನಿಮ್ಮ ಬ್ಯಾಂಕಿಗೆ ಹೋಗಿ. ಸಾಲದ ಖಾತೆಯ ವಿವರ ಕೊಡಿ ಎನ್ನಿ, ಕನ್ನಡದಲ್ಲಿ ಕೊಡಿ ಎನ್ನಿ. ಕೊಡದಿದ್ದರೆ, ಯಾಕೆ ಕೊಡುವುದಿಲ್ಲ ಎಂಬುದನ್ನು ಬರೆದು ಕೊಡಿ ಎನ್ನಿ. ಆ ಕಾಗದ ತಗೊಂಡು ನಮ್ಮ ಕಡೆ ಬನ್ನಿ. ಅಲ್ಲಿಂದ ಮುಂದಿನದು ಎಲ್ಲರೂ ಸೇರಿ ನೋಡೋಣ.

ಜೈ ಕರ್ನಾಟಕ.